ದಿನದ 24 ತಾಸೂ ದೇವರದ್ದೇ: ವಿಶ್ವಾಸಿಗಳು ಸಮಯ ಹೊಂದಿಸಿಕೊಳ್ಳುವುದು ಹೇಗೆ?

ಭಾನುವಾರ ಆರಾಧನೆ ಮುಗಿದ ಮೇಲೆ ಬೀದರ್‌ನ ಯಾವ ಚರ್ಚಿನ ಅಂಗಳದಲ್ಲಿ ನಿಂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಟೈಮೇ ಸಿಗವಲ್ದ್ರಿ." ಬೈಬಲ್ ಓದಲು ಟೈಮಿಲ್ಲ, ಕುಟುಂಬ ಪ್ರಾರ್ಥನೆಗೆ ಟೈಮಿಲ್ಲ, ಹುಷಾರಿಲ್ಲದ ದೊಡ್ಡವ್ವನನ್ನು ನೋಡಿ ಬರಲು ಟೈಮಿಲ್ಲ. ಹೀಗೆ ಹೇಳುವವರು ಸೋಮಾರಿಗಳೇನಲ್ಲ. ನಸುಕಿನಲ್ಲೇ ಎದ್ದು ರೊಟ್ಟಿ ಬಡಿಯುವವರು, ಹುಮನಾಬಾದ್‌ನಿಂದ ದಿನಾ ಬಸ್ ಹಿಡಿದು ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಮನೆ ಸೇರುವವರು.

ಸಮಯ ಉಳಿಸುವ ಉಪಾಯಗಳು ಈಗ ಎಲ್ಲಾ ಕಡೆ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಹೇಳುವುದು ಒಂದೇ: ಅದೇ ದಿನದಲ್ಲಿ ಇನ್ನೂ ಜಾಸ್ತಿ ಕೆಲಸ ತುರುಕಿ. ಬೈಬಲ್‌ನ ದಾರಿ ಹಾಗಿಲ್ಲ. ಕಾಲವನ್ನು ಸುಮ್ಮನೆ ಕಳೆಯಬೇಡಿ, ಅದಕ್ಕೆ ಬೆಲೆ ಇದೆ ಎಂದು ಪೌಲನು ಎಫೆಸದವರಿಗೆ ಬರೆದ (5:16). ಅದರ ಮುಂದಿನ ವಚನದಲ್ಲೇ, ಕರ್ತನ ಚಿತ್ತವೇನೆಂದು ತಿಳಿದುಕೊಳ್ಳಿ ಎಂದ. ಈ ಎರಡು ವಚನಗಳನ್ನು ಬೇರೆ ಬೇರೆ ಮಾಡಿದರೆ ಮೊದಲನೆಯದು ಬರೀ ಅವಸರವಾಗುತ್ತದೆ. ಸಮಯ ದೇವರದ್ದು, ನಾವು ಅದರ ಮನೆವಾರ್ತೆ ನೋಡಿಕೊಳ್ಳುವವರು. ಇದನ್ನು ಒಪ್ಪಿಕೊಂಡರೆ ವೇಳಾಪಟ್ಟಿ ಹಾಕುವ ಕ್ರಮವೇ ಬದಲಾಗುತ್ತದೆ. ಕೆಲಸ ಮುಗಿಸಿ ಉಳಿದದ್ದನ್ನು ದೇವರಿಗೆ, ಮನೆಯವರಿಗೆ ಕೊಡುವ ರೂಢಿ ಬಿಟ್ಟು, ವಿಶ್ರಾಂತಿ, ಪ್ರಾರ್ಥನೆ, ಮನೆಮಂದಿ ಇವಕ್ಕೆ ಮೊದಲು ಜಾಗ ಮಾಡುತ್ತೇವೆ.

ಇನ್ನು ಇದನ್ನು ಮಾಡುವುದು ಹೇಗೆ ಎಂಬುದಕ್ಕೆ ಬರೋಣ.

ಮೊದಲು: ಒಂದು ವಾರ ಬರೆದಿಡಿ

ಕೀರ್ತನೆ 90 ಮೋಶೆಯ ಪ್ರಾರ್ಥನೆ. ಮನುಷ್ಯನ ಆಯುಷ್ಯ 70 ವರ್ಷ, ಬಲವಿದ್ದರೆ 80 ಎಂದು ಅದರಲ್ಲಿ ಬರುತ್ತದೆ. ಅದಾದ ಮೇಲೆ, ದಿನಗಳನ್ನು ಎಣಿಸುವುದನ್ನು ನಮಗೆ ಕಲಿಸು ಎಂಬ ಬೇಡಿಕೆ ಇದೆ. ಎಣಿಸುವುದನ್ನು ನಾವು ಸಾವಿನ ಮನೆಯಲ್ಲಿ ಓದುವ ವಾಕ್ಯವಾಗಿ ಮಾತ್ರ ಇಟ್ಟುಕೊಂಡಿದ್ದೇವೆ. ನಿಜವಾಗಿ ಎಣಿಸಿ ನೋಡಿ.

ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆಗಳು ಉಳಿದಿರುತ್ತವೆ, ಅದೇ ಸಾಕು. ಸೋಮವಾರದಿಂದ ಭಾನುವಾರದವರೆಗೆ, ಎದ್ದಾಗಿನಿಂದ ಮಲಗುವವರೆಗೆ ಏನು ಮಾಡಿದಿರಿ ಎಂದು ಗೀಚುತ್ತಾ ಹೋಗಿ. ಯಾರಿಗೂ ತೋರಿಸಬೇಕಾಗಿಲ್ಲ. ಚೆನ್ನಾಗಿ ಕಾಣಲಿ ಎಂದು ಆ ವಾರ ಮಾತ್ರ ಒಳ್ಳೆಯವರಾಗಲು ಹೋಗಬೇಡಿ. ಉದಾಹರಣೆಗೆ, ಊರೊಳಗಿನ ಶಾಲೆಗೆ ಹೋಗುವ ಒಬ್ಬ ಟೀಚರಮ್ಮನ ಹಾಳೆ ಹೀಗಿರಬಹುದು: 5.40ಕ್ಕೆ ಎಚ್ಚರ. 6.15ರವರೆಗೆ ಹಾಸಿಗೆಯಲ್ಲೇ ಫೋನ್. 7ರವರೆಗೆ ನಳದ ನೀರು ತುಂಬಿಕೊಂಡದ್ದು, ಚಹಾ. 8.20ರವರೆಗೆ ರೊಟ್ಟಿ, ಪಲ್ಯ, ಮಕ್ಕಳ ಡಬ್ಬಿ. ಆಮೇಲೆ ಶಾಲೆ. ಸಂಜೆ 4.45ರಿಂದ 5.40ರವರೆಗೆ ಬಸ್ಸಿಗೆ ಕಾದದ್ದು. ಅಡುಗೆ, ಮಕ್ಕಳ ಹೋಮ್‌ವರ್ಕ್, ಊಟ. ರಾತ್ರಿ 9.30ರಿಂದ 11.10ರವರೆಗೆ ಟಿವಿ, ಕೈಯಲ್ಲಿ ಫೋನ್.

ಲೆಕ್ಕ ಹಾಕಿ. ಬೆಳಿಗ್ಗೆ 35 ನಿಮಿಷ, ಬಸ್‌ಸ್ಟ್ಯಾಂಡಿನಲ್ಲಿ 55, ರಾತ್ರಿ 100. ಒಟ್ಟು ಮೂರು ತಾಸಿಗಿಂತ ಜಾಸ್ತಿ. ಹಾಗಂತ ಅಷ್ಟನ್ನೂ ಕಿತ್ತುಕೊಂಡು ಪ್ರಾರ್ಥನೆಗೆ ಹಾಕಿ ಎಂದು ನಾನು ಹೇಳುವುದಿಲ್ಲ. ದಿನವೆಲ್ಲಾ ನಿಂತು ಪಾಠ ಮಾಡಿ ಬಂದವರು ರಾತ್ರಿ ಸ್ವಲ್ಪ ಹೊತ್ತು ಸುಮ್ನೆ ಕೂತರೆ ಪಾಪವಲ್ಲ. ಆದರೆ "ಟೈಮೇ ಇಲ್ಲ" ಎಂಬ ಮಾತು ಎಷ್ಟು ನಿಜ ಎಂಬುದು ಈ ಹಾಳೆಯಲ್ಲಿ ಗೊತ್ತಾಗುತ್ತದೆ. ಕೆಲವರ ಹಾಳೆ ನೋಡಿದರೆ ಅದು ಪೂರ್ತಿ ನಿಜವೇ ಆಗಿರುತ್ತದೆ. ಅಂಥವರ ಬಗ್ಗೆ ಮುಂದೆ ಹೇಳುತ್ತೇನೆ.

ದಿನವನ್ನು ರಾತ್ರಿಯಿಂದ ಶುರು ಮಾಡಿ

ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಸಾಯಂಕಾಲವಾಯಿತು, ಪ್ರಾತಃಕಾಲವಾಯಿತು ಎಂದೇ ದಿನಗಳು ಬರುತ್ತವೆ. ಯೆಹೂದ್ಯರಿಗೆ ಇಂದಿಗೂ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಸಮಯ ಹೊಂದಿಸಿಕೊಳ್ಳುವವರಿಗೆ ಇದಕ್ಕಿಂತ ಉಪಯೋಗದ ಲೆಕ್ಕ ಇನ್ನೊಂದಿಲ್ಲ. ನಾಳೆ ಬೆಳಿಗ್ಗೆ ಐದಕ್ಕೆ ಏಳುತ್ತೀರೋ ಇಲ್ಲವೋ ಎಂಬುದು ಇವತ್ತು ರಾತ್ರಿ ಹತ್ತಕ್ಕೇ ತೀರ್ಮಾನವಾಗಿರುತ್ತದೆ.

ಬೀದರ್ ಸೀಮೆಯಲ್ಲಿ ಮೆಥೋಡಿಸ್ಟ್ ಸಭೆಗಳು ಹೆಚ್ಚು. ಆ ಪಂಗಡಕ್ಕೆ ಮೂಲರಾದ ಜಾನ್ ವೆಸ್ಲಿ (1703–1791) ಎಫೆಸ 5:16ರ ಮೇಲೆ ಒಂದು ಪ್ರಸಂಗ ಮಾಡಿದ್ದರು. ಅದು ಪೂರ್ತಿ ನಿದ್ದೆಯ ಬಗ್ಗೆಯೇ ಇದೆ! ಅವರಿಗೆ ದಿನಾ ರಾತ್ರಿ ಹನ್ನೆರಡು, ಒಂದರ ಹೊತ್ತಿಗೆ ಎಚ್ಚರವಾಗುತ್ತಿತ್ತು. ಬೇಕಾದ್ದಕ್ಕಿಂತ ಜಾಸ್ತಿ ಹಾಸಿಗೆಯಲ್ಲಿ ಇರುವುದೇ ಕಾರಣ ಎಂದುಕೊಂಡು ಅಲಾರಾಂ ತಂದರು. ಮೊದಲ ದಿನ ಏಳಕ್ಕೆ ಎದ್ದರು. ರಾತ್ರಿ ಮತ್ತೆ ಎಚ್ಚರ. ಮರುದಿನ ಆರಕ್ಕೆ, ಅದರ ಮರುದಿನ ಐದಕ್ಕೆ. ನಾಲ್ಕನೇ ದಿನ ನಾಲ್ಕಕ್ಕೆ ಎದ್ದರು. ಆಮೇಲೆ ರಾತ್ರಿ ಎಚ್ಚರವಾಗುವುದು ನಿಂತಿತು.

ವೆಸ್ಲಿ ನಾಲ್ಕಕ್ಕೆ ಏಳುತ್ತಿದ್ದರು ಎಂಬ ಅರ್ಧ ಕಥೆ ನಮ್ಮಲ್ಲಿ ಹಲವರಿಗೆ ಗೊತ್ತು. ಅದೇ ಪ್ರಸಂಗದಲ್ಲಿ ಅವರು, ತಮಗೆ ಆರೂವರೆ ತಾಸು ನಿದ್ದೆ ಬೇಕು, ಅದಕ್ಕಿಂತ ಕಡಿಮೆಯಾದರೆ ಆಗುವುದಿಲ್ಲ ಎಂದೂ ಹೇಳಿದ್ದಾರೆ. ಇದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಹನ್ನೊಂದೂವರೆಗೆ ಮಲಗಿ ನಾಲ್ಕಕ್ಕೆ ಎದ್ದು, ಪ್ರಾರ್ಥನೆಯಲ್ಲಿ ತೂಕಡಿಸಿ, ದಿನವಿಡೀ ಮಕ್ಕಳ ಮೇಲೆ ಸಿಡುಕುವುದರಿಂದ ಯಾರಿಗೂ ಲಾಭವಿಲ್ಲ. ನಸುಕಿನಲ್ಲೇ ಎದ್ದು, ತಡವಾಗಿ ಮಲಗಿ, ದುಡಿದು ದಣಿಯುವುದು ವ್ಯರ್ಥ ಎಂದು ಕೀರ್ತನೆ 127 ನೇರವಾಗಿಯೇ ಹೇಳುತ್ತದೆ. ನಿದ್ದೆಯೂ ದೇವರು ಕೊಟ್ಟದ್ದೇ ಅಲ್ವಾ?

ಆದ್ದರಿಂದ ವೆಸ್ಲಿಯವರ ಗಂಟೆ ಬಿಡಿ, ಅವರ ವಿಧಾನ ಹಿಡಿಯಿರಿ. ನಿಮಗೆ ಎಷ್ಟು ನಿದ್ದೆ ಬೇಕು ಎಂದು ಕೆಲವು ದಿನ ನೋಡಿ ಕಂಡುಕೊಳ್ಳಿ. ಏಳಬೇಕಾದ ಹೊತ್ತಿನಿಂದ ಹಿಂದಕ್ಕೆ ಎಣಿಸಿ, ಮಲಗುವ ಹೊತ್ತು ಗೊತ್ತು ಮಾಡಿ. ಅದಕ್ಕೆ ಅರ್ಧ ತಾಸು ಮೊದಲು ಟಿವಿ ಬಂದ್. ಮಲಗುವ ಮುಂಚೆ ನಾಳೆಯ ಬಟ್ಟೆ, ಡಬ್ಬಿ, ಬ್ಯಾಗ್, ಬೈಬಲ್ ಎಲ್ಲಾ ಒಂದೇ ಕಡೆ ಇಟ್ಟುಬಿಡಿ. ಬೆಳಿಗ್ಗೆ ಕನ್ನಡಕ ಹುಡುಕುವುದರಲ್ಲಿ ಹೋಗುವ ಹೊತ್ತು ಸಣ್ಣದಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಆಲ್‌ನೈಟ್ ಪ್ರೇಯರ್ ಮುಗಿಸಿ ನಸುಕಿನಲ್ಲಿ ಬೈಕ್ ಹತ್ತಿ ಹಳ್ಳಿಗೆ ಹೊರಡುವ ಹುಡುಗರಿಗೆ ಮನೆಯವರು ಬುದ್ಧಿ ಹೇಳಬೇಕು. ಎರಡು ತಾಸು ಚರ್ಚಿನಲ್ಲೇ ಮಲಗಿ ಹೋದರೆ ದೇವರು ಸಿಟ್ಟಾಗುವುದಿಲ್ಲ.

ಬೆಳಗಿನ ಹೊತ್ತು

ಮಾರ್ಕ 1ನೇ ಅಧ್ಯಾಯ ಓದಿ. ಕಪೆರ್ನೌಮಿನಲ್ಲಿ ಆ ಸಂಜೆ ಊರಿಗೆ ಊರೇ ಬಾಗಿಲಲ್ಲಿ ಸೇರಿತ್ತು. ಯೇಸು ಸ್ವಾಮಿ ಎಷ್ಟೋ ರೋಗಿಗಳನ್ನು ಗುಣಪಡಿಸಿದರು. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಜನರಿಲ್ಲದ ಕಡೆ ಹೋಗಿ ಪ್ರಾರ್ಥನೆ ಮಾಡಿದರು. ಶಿಷ್ಯ ಸೀಮೋನನೂ ಅವನ ಜೊತೆಗಾರರೂ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಕೇಳುತ್ತಿದ್ದಾರೆ ಎಂದರು. ಆದರೆ ಯೇಸು ಸ್ವಾಮಿ ಹಿಂತಿರುಗಲಿಲ್ಲ, ಬೇರೆ ಊರುಗಳಿಗೆ ಹೋಗೋಣ ಎಂದರು. ಯಾರು ಕರೆದರೂ ಓಡುವ ಅಭ್ಯಾಸ ಅವರಿಗೆ ಇರಲಿಲ್ಲ. ಇವತ್ತು ಏನು ಮಾಡಬೇಕು, ಏನು ಬಿಡಬೇಕು ಎಂಬುದು ಆ ಪ್ರಾರ್ಥನೆಯಲ್ಲೇ ಗಟ್ಟಿಯಾಗಿತ್ತು.

ಹೊಸಬರು 15 ನಿಮಿಷದಿಂದ ಶುರು ಮಾಡಿ. ಒಂದು ಅಧ್ಯಾಯ ಓದಿ, ಪ್ರಾರ್ಥನೆ ಮಾಡಿ, ಇವತ್ತಿನ ಕೆಲಸಗಳನ್ನು ದೇವರ ಮುಂದೆ ಇಡಿ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳಿವೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಒಂದರಂತೆ ಓದಿದರೆ ಸರಿಯಾಗಿ 52 ವಾರಕ್ಕೆ ಮುಗಿಯುತ್ತದೆ. ಶನಿವಾರ, ಭಾನುವಾರ ತಪ್ಪಿದ್ದನ್ನು ತುಂಬಿಕೊಳ್ಳಲು ಬಿಡುವು ಸಿಗುತ್ತದೆ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ, ತಾರೀಖಿಗೆ ಒಂದರಂತೆ ಓದಬಹುದು. ಇಡೀ ಬೈಬಲ್ ಒಂದು ವರ್ಷದಲ್ಲಿ ಮುಗಿಸುವ ಹಟ ಮೊದಲ ವರ್ಷವೇ ಬೇಡ. ಮೂರನೇ ಪುಸ್ತಕವಾದ ಯಾಜಕಕಾಂಡಕ್ಕೇ ಬಂದು ನಿಂತವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ನಳಕ್ಕೆ ನೀರು ಬರುವ ದಿನ ಈ ಕ್ರಮ ತಪ್ಪುತ್ತದೆ. ಕಲಬುರಗಿಯಲ್ಲಿ ಬಾಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ದಿನ ಕೊಡ ತುಂಬುವಾಗಲೇ ಒಂದು ಕೀರ್ತನೆ ಬಾಯಲ್ಲಿ ಹೇಳಿಕೊಳ್ಳಿ, ಓದನ್ನು ಮಧ್ಯಾಹ್ನಕ್ಕೆ ಹಾಕಿಕೊಳ್ಳಿ. ದಾನಿಯೇಲನು ದಿನಕ್ಕೆ ಮೂರು ಸಲ ಪ್ರಾರ್ಥನೆ ಮಾಡುತ್ತಿದ್ದ. ಬೆಳಿಗ್ಗೆ ತಪ್ಪಿತೆಂದು ಇಡೀ ದಿನ ಕೈಬಿಡಬೇಕಾಗಿಲ್ಲ.

ಭಾನುವಾರ ಯಾರಿಗೆ ರಜೆ?

ವಾರದ ಪಟ್ಟಿ ಹಾಕುವಾಗ ಮೊದಲು ಗೆರೆ ಎಳೆಯಬೇಕಾದದ್ದು ಭಾನುವಾರದ ಮೇಲೆ. ಹತ್ತು ಆಜ್ಞೆಗಳಲ್ಲಿ ಸಬ್ಬತ್ತಿನದು, ಅಂದರೆ ವಿಶ್ರಾಂತಿ ದಿನದ್ದು, ನಾಲ್ಕನೆಯದು. ಅದನ್ನು ಪೂರ್ತಿ ಓದಿ. ನೀನು ಮಾತ್ರ ವಿಶ್ರಮಿಸು ಎಂದು ಅಲ್ಲಿಲ್ಲ. ಮಗ, ಮಗಳು, ದಾಸ, ದಾಸಿ, ದನಕರು, ಊರಲ್ಲಿರುವ ಪರದೇಶಿ, ಎಲ್ಲರಿಗೂ ಅವತ್ತು ಬಿಡುವು.

ನಮ್ಮ ಮನೆಗಳಲ್ಲಿ ಭಾನುವಾರ ಏನಾಗುತ್ತದೆ? ಗಂಡಸರು ಆರಾಧನೆ ಮುಗಿಸಿ ಬಂದು ಪೇಪರ್ ಹಿಡಿಯುತ್ತಾರೆ. ಹೆಂಗಸರು ಚರ್ಚಿಗೆ ಹೋಗುವ ಮುಂಚೆಯೇ ಮಸಾಲೆ ಅರೆದು, ಬಂದ ಮೇಲೆ ಮಟನ್ ಬೇಯಿಸಿ, ಬಿಸಿ ರೊಟ್ಟಿ ಬಡಿದು, ನೆಂಟರಿಗೆ ಬಡಿಸಿ, ಪಾತ್ರೆ ತೊಳೆಯುವಷ್ಟರಲ್ಲಿ ನಾಲ್ಕು ಗಂಟೆ. ಆರು ದಿನಕ್ಕಿಂತ ಏಳನೇ ದಿನವೇ ಜಾಸ್ತಿ ದುಡಿತ. ಇದಕ್ಕೆ ವಿಶ್ರಾಂತಿ ದಿನ ಎಂದು ಹೆಸರಿಡುವುದು ನನಗಂತೂ ಸರಿ ಕಾಣುವುದಿಲ್ಲ.

ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ. ಖಡಕ್ ರೊಟ್ಟಿ ಮಾಡಿಟ್ಟರೆ ದಿನಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ ಇದ್ದರೆ ಊಟ ಆಯಿತು. ಮಟನ್ ಬೇಕೇ ಬೇಕು ಎನ್ನುವವರು ಶನಿವಾರ ಸಂಜೆ ಮಸಾಲೆ ಅರೆದಿಡಲಿ, ಭಾನುವಾರ ಮಗ ಒಲೆ ಮುಂದೆ ನಿಲ್ಲಲಿ. ಪಾತ್ರೆ ಮನೆಮಂದಿಯೆಲ್ಲಾ ಸೇರಿ ತೊಳೆದರೆ ಕಾಲು ತಾಸಿನ ಕೆಲಸ. ಮನೆಕೆಲಸಕ್ಕೆ ಬರುವ ಅಕ್ಕನಿಗೂ ಅವತ್ತು ರಜೆ ಕೊಡಿ, ಪಗಾರ ಹಿಡಿಯಬೇಡಿ. ಅವರು ಯಾವ ದೇವರನ್ನು ನಂಬುತ್ತಾರೆ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ.

ಆಸ್ಪತ್ರೆ, ಪೊಲೀಸ್, ಬಸ್ಸಿನ ಕೆಲಸದವರಿಗೆ ಭಾನುವಾರ ಡ್ಯೂಟಿ ಬೀಳುತ್ತದೆ. ಸಬ್ಬತ್ ಮನುಷ್ಯನಿಗಾಗಿ ಎಂದು ಯೇಸು ಸ್ವಾಮಿಯೇ ಹೇಳಿದ್ದಾರೆ. ಅಂಥವರು ತಮ್ಮ ವಾರದ ರಜೆಯನ್ನೇ ಹಾಗೆ ಇಟ್ಟುಕೊಳ್ಳಲಿ. ಆ ದಿನ ಮನೆ ಸುಣ್ಣ ಬಳಿಯುವ ಕೆಲಸ ಹಚ್ಚಿಕೊಳ್ಳದಿದ್ದರೆ ಸಾಕು.

ಕೆಲಸದ ದಿನ

ರಾತ್ರಿಯೇ ಒಂದು ಚೀಟಿಯಲ್ಲಿ ನಾಳೆಯ ಮೂರು ಮುಖ್ಯ ಕೆಲಸ ಬರೆಯಿರಿ. ಹತ್ತು ಬೇಡ. ಅತಿ ಕಷ್ಟದ್ದನ್ನು ಮೊದಲು ಹಿಡಿಯಿರಿ. ಬರೆಯುವಾಗ ಯಾಕೋಬನ ಪತ್ರ 4:15 ನೆನಪಿರಲಿ: ಕರ್ತನ ಚಿತ್ತವಿದ್ದರೆ ಇದನ್ನೋ ಅದನ್ನೋ ಮಾಡುವೆವು. ಪಟ್ಟಿ ಹಾಕಬೇಡಿ ಎಂದು ಅವನು ಹೇಳಲಿಲ್ಲ. ನಾಳೆ ನನ್ನ ಕೈಯಲ್ಲೇ ಇದೆ ಎಂಬ ಜಂಬ ಬೇಡ ಎಂದ, ಅಷ್ಟೇ.

ನಮ್ಮ ಭಾಗಕ್ಕೆ ಬೇಸಿಗೆಯೇ ಬೇರೆ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳೆ ಇರುತ್ತದೆ. 42 ಡಿಗ್ರಿ ಬಿಸಿಲಲ್ಲಿ ಎರಡು ಗಂಟೆಗೆ ಮನೆ ಸೇರಿದವರಿಗೆ ಒಮ್ಮೆಲೇ ಉದ್ದನೆಯ ಮಧ್ಯಾಹ್ನ ಸಿಗುತ್ತದೆ. ಒಂದು ತಾಸು ಮಲಗಿ, ಅದು ಬೇಕು. ಆಮೇಲೆ ಬಿಸಿಲು ಇಳಿಯುವವರೆಗೆ ಎರಡು ತಾಸಾದರೂ ಉಳಿಯುತ್ತದೆ. ಮಕ್ಕಳಿಗೂ ಆಗ ಬೇಸಿಗೆ ರಜೆ. ಸುವಾರ್ತೆಗಳಲ್ಲಿ ಒಂದನ್ನು ಹಿಡಿದು ಮನೆಮಂದಿ ಸುತ್ತ ಕೂತು ಸರದಿಯಲ್ಲಿ ಗಟ್ಟಿಯಾಗಿ ಓದಿ. ಮಾರ್ಕನದು ಬರೀ 16 ಅಧ್ಯಾಯ. ಕನ್ನಡ ಓದಲು ತಡವರಿಸುವ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಓದಿನ ಅಭ್ಯಾಸವೂ ಆಗುತ್ತದೆ. ವರ್ಷದಲ್ಲಿ ಇಂಥ ಬಿಡುವು ಇನ್ನೊಮ್ಮೆ ಬರುವುದಿಲ್ಲ.

ಪ್ರಯಾಣದ ಹೊತ್ತೂ ಹಾಗೆಯೇ. ಬೀದರ್–ಕಲಬುರಗಿ ರೈಲು ದಾರಿ 2017ರಲ್ಲಿ ಶುರುವಾಯಿತು. ರೈಲಿನಲ್ಲಿ ಸೀಟು ಸಿಕ್ಕರೆ ಓದಬಹುದು. ಬಸ್ಸಿನ ಕುಲುಕಾಟದಲ್ಲಿ ಓದಲು ಆಗುವುದಿಲ್ಲ, ಆಡಿಯೋ ಬೈಬಲ್ ಕೇಳಿ. ಇಯರ್‌ಫೋನ್ ಹಾಕಿಕೊಂಡೇ ಕೇಳಿ, ದಯವಿಟ್ಟು.

ಬೇಡ ಎನ್ನಲು ಕಲಿಯಿರಿ, ಸಭೆಯಲ್ಲೂ

ಇದು ಹೇಳಲು ಸ್ವಲ್ಪ ಕಷ್ಟದ ಮಾತು. ನಮ್ಮ ಸಮಯ ತಿನ್ನುವುದು ಫೋನ್ ಒಂದೇ ಅಲ್ಲ. ಬುಧವಾರ ಮನೆ ಕೂಟ, ಶುಕ್ರವಾರ ಉಪವಾಸ ಕೂಟ, ಶನಿವಾರ ಹಾಡಿನ ಪ್ರಾಕ್ಟೀಸ್, ಭಾನುವಾರ ಸಂಡೇ ಸ್ಕೂಲ್, ಆರಾಧನೆ, ಕಮಿಟಿ ಮೀಟಿಂಗ್. ಎಲ್ಲದಕ್ಕೂ ಅವೇ ನಾಲ್ಕು ಮುಖಗಳು. ಅವರ ಮನೆಯಲ್ಲಿ ಮಗಳು ಪಪ್ಪನ ಮುಖ ನೋಡಿ ವಾರವಾಗಿರುತ್ತದೆ.

ಮೋಶೆಗೂ ಇದೇ ಆಗಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ಬಗೆಹರಿಸುತ್ತಿದ್ದ. ಮಾವ ಇತ್ರೋನ ಬಂದು ನೋಡಿ, ನೀನು ಮಾಡುವುದು ಸರಿಯಲ್ಲ, ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ ಎಂದ. ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬ ಮುಖ್ಯಸ್ಥನನ್ನು ನೇಮಿಸಲು ಹೇಳಿಕೊಟ್ಟ. ಮೋಶೆ ಮಾವನ ಮಾತು ಕೇಳಿದ. ಸಭೆಯಲ್ಲಿ ನಿಮ್ಮ ಹತ್ತಿರ ಮೂರು ಜವಾಬ್ದಾರಿ ಇದ್ದರೆ, ಈ ವರ್ಷ ಒಂದನ್ನು ಹರೆಯದವರಿಗೆ ಕಲಿಸಿ ಬಿಟ್ಟುಕೊಡಿ. ಅವರು ನಿಮ್ಮಷ್ಟು ಚೆನ್ನಾಗಿ ಮಾಡಲಿಕ್ಕಿಲ್ಲ. ಪರವಾಗಿಲ್ಲ.

ಇನ್ನೊಬ್ಬ ನೆಹೆಮೀಯ. ಯೆರೂಸಲೇಮಿನ ಗೋಡೆ ಕಟ್ಟುವಾಗ ಅವನ ವಿರೋಧಿಗಳಾದ ಸನ್ಬಲ್ಲಟನೂ ಗೆಷೆಮನೂ ಬಾ, ಮಾತಾಡೋಣ ಎಂದು ನಾಲ್ಕು ಸಲ ಹೇಳಿಕಳಿಸಿದರು. ನಾಲ್ಕು ಸಲವೂ ಅವನದು ಒಂದೇ ಉತ್ತರ: ದೊಡ್ಡ ಕೆಲಸದಲ್ಲಿದ್ದೇನೆ, ಬರಲು ಆಗುವುದಿಲ್ಲ. ಗೋಡೆ 52 ದಿನಕ್ಕೆ ಮುಗಿಯಿತು. ಅವರದು ಕೆಟ್ಟ ಉದ್ದೇಶ, ನಮ್ಮನ್ನು ಕರೆಯುವವರು ಒಳ್ಳೆಯವರು, ಆ ವ್ಯತ್ಯಾಸ ಇದೆ. ಆದರೂ ಉತ್ತರ ಕೊಡುವ ರೀತಿ ಕಲಿಯಬಹುದು. ಸುಳ್ಳು ನೆಪ ಬೇಡ. "ಪಾಸ್ಟರ್ ಅಯ್ಯನವರೇ, ಬುಧವಾರ ಮನೆಯವರ ಜೊತೆ ಇರುತ್ತೀನ್ರಿ, ಬರಾಕ ಆಗೂದಿಲ್ಲ" ಎಂದರೆ ಸಾಕು.

ಫೋನಿನ ಬಗ್ಗೆ ಎಲ್ಲರೂ ಹೇಳುವುದನ್ನೇ ಹೇಳಬೇಕು, ಹಾಗಾಗಿ ಚುಟುಕಾಗಿ: ಫೋನ್ ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಮಲಗಿ, ಅಲಾರಾಂಗೆ ಒಂದು ಗಡಿಯಾರ ಕೊಳ್ಳಿ. ವಾಟ್ಸಾಪ್ ಗ್ರೂಪ್‌ಗಳನ್ನು ಮ್ಯೂಟ್ ಮಾಡಿ. ಗುಲಾಬಿ ಹೂವಿನ ಮೇಲೆ ಬರೆದ ವಾಕ್ಯ ಇಪ್ಪತ್ತು ಮಂದಿಗೆ ಫಾರ್ವರ್ಡ್ ಮಾಡುವುದು ಬೈಬಲ್ ಓದಿದಂತೆ ಆಗುವುದಿಲ್ಲ.

ಬಾಗಿಲು ಬಡಿದವರಿಗೆ ಜಾಗ ಇರಲಿ

ಪಟ್ಟಿ ಹಾಕಲು ಕಲಿತವರಿಗೆ ಒಂದು ರೋಗ ಅಂಟುತ್ತದೆ. ಪಟ್ಟಿಯಲ್ಲಿ ಇಲ್ಲದವರು ಬಂದರೆ ಸಿಟ್ಟು. ಸಭಾಮಂದಿರದ ಅಧಿಕಾರಿ ಯಾಯೀರನ ಮಗಳು ಸಾಯುವ ಸ್ಥಿತಿಯಲ್ಲಿದ್ದಳು, ಯೇಸು ಸ್ವಾಮಿ ಅವಸರದಲ್ಲೇ ಹೊರಟಿದ್ದರು. ದಾರಿಯಲ್ಲಿ 12 ವರ್ಷದಿಂದ ರಕ್ತಸ್ರಾವವಿದ್ದ ಹೆಂಗಸು ಬಟ್ಟೆ ಮುಟ್ಟಿದಳು. ಅವರು ನಿಂತರು. ಅವಳು ತನ್ನ ಕಥೆಯನ್ನೆಲ್ಲಾ ಹೇಳುವವರೆಗೂ ನಿಂತರು.

ಆದ್ದರಿಂದ ದಿನದಲ್ಲಿ ಒಂದು ತಾಸು ಖಾಲಿ ಬಿಡಿ. ಸಂಜೆ ಆರರಿಂದ ಏಳು ಎಂದಿಟ್ಟುಕೊಳ್ಳಿ. ಯಾರಾದರೂ ಬಂದರೆ ಆ ಹೊತ್ತು ಅವರದ್ದು. ಚಹಾ ಇಟ್ಟು ಕೂತು ಮಾತಾಡಿ. ಯಾರೂ ಬರದಿದ್ದರೆ ನೀವೇ ಪಕ್ಕದ ಮನೆಯ ಅಜ್ಜನನ್ನು ಮಾತಾಡಿಸಿ ಬನ್ನಿ.

ಹೊತ್ತು ತಮ್ಮ ಕೈಯಲ್ಲೇ ಇಲ್ಲದವರು

ಇಲ್ಲಿಯವರೆಗೆ ಹೇಳಿದ್ದು ಸ್ವಲ್ಪವಾದರೂ ಬಿಡುವು ಇರುವವರಿಗೆ. ಯಾದಗಿರಿ ಕಡೆಯಿಂದ ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡುವವರಿಗೆ, ದಿನಗೂಲಿಯವರಿಗೆ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೆ ಈ ಪಟ್ಟಿ ತೋರಿಸುವುದು ಅನ್ಯಾಯ. ಮೇಸ್ತ್ರಿ ಕರೆದಾಗ ಹೋಗಬೇಕು, ಬಿಟ್ಟಾಗ ಬರಬೇಕು. ಅವರು ಒಂದೇ ಒಂದು ಹಿಡಿದರೆ ಸಾಕು: ಎದ್ದ ಕೂಡಲೇ ಕರ್ತನ ಪ್ರಾರ್ಥನೆ, ಮಲಗುವಾಗ ಒಂದು ಕೀರ್ತನೆ. 23ನೆಯದು ಎಲ್ಲರಿಗೂ ಬಾಯಿಪಾಠ ಇರುತ್ತದೆ.

ಅವರಿಗೆ ಸಮಯದ ಪಾಠ ಹೇಳುವ ಬದಲು, ಬಿಡುವು ಇರುವವರು ತಮ್ಮ ಸಮಯವನ್ನೇ ಸ್ವಲ್ಪ ಕೊಡಬಹುದು. ಶನಿವಾರ ಎರಡು ತಾಸು ಆ ಅತ್ತೆಯ ಹತ್ತಿರ ನೀವು ಕೂತರೆ ಸೊಸೆ ತಲೆಸ್ನಾನ ಮಾಡಿ, ಪೇಟೆಗೆ ಹೋಗಿ ಬರುತ್ತಾಳೆ. ಯುವಜನ ಸಂಘದವರು ಸರದಿ ಹಾಕಿಕೊಂಡರೆ ಇದು ಕಷ್ಟವೇನಲ್ಲ. ಗುಳೆ ಹೋದವರ ಮಕ್ಕಳು ಅಜ್ಜಿಯ ಜೊತೆ ಊರಲ್ಲೇ ಉಳಿದಿದ್ದರೆ ಸಂಜೆ ಅವರ ಹೋಮ್‌ವರ್ಕ್ ನೋಡಿ. ಆಳಿಟ್ಟು ಕೆಲಸ ಮಾಡಿಸುವವರು ಕೂಲಿಯನ್ನು ಹೇಳಿದ ದಿನ, ಹೇಳಿದ ಹೊತ್ತಿಗೆ ಕೊಡಿ. ಕೂಲಿಗಾಗಿ ಅವರನ್ನು ನಾಲ್ಕು ಸಲ ಅಲೆದಾಡಿಸಿದರೆ ಅದು ಅವರ ಹೊತ್ತು ಕದ್ದ ಹಾಗೆ.

ಯಾವಾಗ ಶುರು ಮಾಡುವುದು?

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲ ವಾರ ಬರೀ ಬರೆದಿಡುವುದು. ಎರಡನೇ ವಾರ ಮಲಗುವ ಹೊತ್ತು. ಅದು ರೂಢಿಯಾದ ಮೇಲೆ ಬೆಳಗಿನ 15 ನಿಮಿಷ, ಆಮೇಲೆ ಭಾನುವಾರ. ಶನಿವಾರ ರಾತ್ರಿ ಮನೆಯವರು ಹತ್ತು ನಿಮಿಷ ಕೂತು, ಈ ವಾರ ಏನು ನಡೆಯಿತು, ಏನು ತಪ್ಪಿತು ಎಂದು ಮಾತಾಡಿ. ತಪ್ಪಿದ್ದಕ್ಕೆ ಬೈಗುಳ ಬೇಡ. ಒಂದು ಪ್ರಾರ್ಥನೆ ಮಾಡಿ ಮಲಗಿ.

ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸ ಕಾಲದ 40 ದಿನ ಶುರು ಮಾಡಲು ಒಳ್ಳೆಯದು, ಸಭೆಯವರೆಲ್ಲಾ ಆಗ ಒಂದು ಕ್ರಮದಲ್ಲಿ ಇರುತ್ತಾರೆ. ಜೂನ್‌ನಲ್ಲಿ ಶಾಲೆ ಶುರುವಾಗುವ ವಾರವೂ ಆಗುತ್ತದೆ. ಡಿಸೆಂಬರ್ ಮಾತ್ರ ಬೇಡ. ಹೊಲದಲ್ಲಿ ತೊಗರಿ ರಾಶಿ, ರಾತ್ರಿಯೆಲ್ಲಾ ಕ್ಯಾರಲ್ಸ್, ಮನೆ ತುಂಬಾ ನೆಂಟರು. ಆ ತಿಂಗಳು ಯಾರ ವೇಳಾಪಟ್ಟಿಯೂ ಉಳಿಯುವುದಿಲ್ಲ. ಹಬ್ಬ ಮಾಡಿ, ಜನವರಿಯ ಎರಡನೇ ವಾರ ನೋಟ್‌ಬುಕ್ ತೆಗೆಯಿರಿ.